ಓಡಿದ ಗಾಡಿಯ ಚರಿತ್ರೆ

ನಮ್ಮ ದೇಶದ ಮೋಟಾರು ವಾಹನಗಳ ಚರಿತ್ರೆಯನ್ನು ಸಾಮಾನ್ಯವಾಗಿ ಕಂಪನಿಗಳ ಚರಿತ್ರೆಯಾಗಿಯೇ ಬರೆಯಲಾಗಿದೆ. ಯಾವ ಇಸವಿಯಲ್ಲಿ ಯಾವ ಕಾರ್ಖಾನೆ ಶುರುವಾಯಿತು, ಯಾವ ವಿದೇಶಿ ಸಂಸ್ಥೆಯೊಡನೆ ಒಪ್ಪಂದವಾಯಿತು, ವರ್ಷಕ್ಕೆ ಎಷ್ಟು ಗಾಡಿಗಳು ಹೊರಬಂದವು ಎಂಬಷ್ಟರಲ್ಲಿ ಅದು ಮುಗಿದುಹೋಗುತ್ತದೆ. ಷೋರೂಮಿನ ಬಾಗಿಲಲ್ಲಿ ಹೊಸ ಗಾಡಿಗೆ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟಲ್ಲಿಗೆ ಚರಿತ್ರೆಕಾರನ ಕೆಲಸವೂ ಮುಗಿಯಿತು. ಆದರೆ ಗಾಡಿಯ ಬದುಕು ಅಲ್ಲಿಂದಲೇ ಆರಂಭ. ಐದಾರು ವರ್ಷ ಒಬ್ಬನಲ್ಲಿ ದುಡಿದು, ಎರಡನೆಯವನ ಕೈಗೆ ಬಂದು, ಮೂರನೆಯವನ ಮನೆಗೆ ಅನ್ನ ತಂದು, ನಾಲ್ಕನೆಯವನ ಅಂಗಳದಲ್ಲಿ ತುಕ್ಕು ಹಿಡಿದು, ಕೊನೆಗೆ ಗುಜರಿಯ ತಕ್ಕಡಿ ಏರುವವರೆಗಿನ ದೀರ್ಘ ಕಥೆಯನ್ನು ಬರೆದವರು ಕಡಿಮೆ.

ಅದರಲ್ಲೂ ಪಿಕಪ್ ಗಾಡಿಯ ಕಥೆ ಬೇರೆಯೇ. ಹಳೇ ಕಾರು ಕೊಳ್ಳುವವನು ಮೋಸಹೋದರೆ ಅವನ ಅನುಕೂಲಕ್ಕೆ ಪೆಟ್ಟು ಬೀಳುತ್ತದೆ. ಹಳೇ ಪಿಕಪ್ ಕೊಳ್ಳುವವನು ಮೋಸಹೋದರೆ ಅವನ ಒಲೆಯೇ ಆರುತ್ತದೆ. ಕೋಲಾರದ ಮಂಡಿಗೆ ಟೊಮೆಟೊ ಸಾಗಿಸುವವನು, ಮಲ್ಪೆಯ ಬಂದರಿನಿಂದ ಘಟ್ಟದ ಮೇಲಕ್ಕೆ ಮೀನು ಒಯ್ಯುವವನು, ಬ್ಯಾಡಗಿಗೆ ಮೆಣಸಿನಕಾಯಿ ಚೀಲ ಹೇರುವವನು, ಪೇಟೆಯಲ್ಲಿ ಮನೆ ಸಾಮಾನು ಸಾಗಿಸುವವನು ಹೆಂಡತಿಯ ಕಿವಿಯದ್ದು, ತಾಯಿಯ ಕೊರಳಿನದ್ದು ಅಡವಿಟ್ಟು ಮೊದಲ ಗಾಡಿ ಕೊಳ್ಳುತ್ತಾನೆ. ಅದು ಬಹುಮಟ್ಟಿಗೆ ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಗಾಡಿಯೇ ಆಗಿರುತ್ತದೆ. ಆ ವ್ಯಾಪಾರದ ಹೊತ್ತಿನಲ್ಲಿ ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ ಸಂಗತಿಯೊಂದು ಇಬ್ಬರ ನಡುವೆ ಇರುತ್ತದೆ. ಅದನ್ನು ಬಾಯಿಬಿಟ್ಟು ಹೇಳುವ ಹೊಣೆ ಯಾರದು? ಈ ಪ್ರಶ್ನೆಗೆ ಮೋಟಾರಿಗಿಂತ ಬಹಳ ಹಳೆಯ ಇತಿಹಾಸವಿದೆ.

ಹಲ್ಲು ಎಣಿಸುವ ವಿದ್ಯೆ

ಮೋಟಾರು ಬರುವ ಮುಂಚೆ ನಮ್ಮ ರೈತನ ಪಿಕಪ್ಪು ಎತ್ತಿನ ಗಾಡಿಯೇ ಆಗಿತ್ತು. ಎತ್ತು ಕೊಳ್ಳುವವನು ಜಾತ್ರೆಯಲ್ಲಿ ಮೊದಲು ಅದರ ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಆಮೇಲೆ ಬಾಯಿಗೂಡಿದ ಎತ್ತು. ಮಾರುವವನು ವಯಸ್ಸು ಎಷ್ಟೇ ಕಡಿಮೆ ಹೇಳಿದರೂ ಹಲ್ಲು ಸುಳ್ಳು ಹೇಳುತ್ತಿರಲಿಲ್ಲ. ನಡೆಸಿ ನೋಡುವುದು, ನೊಗಕ್ಕೆ ಹೆಗಲು ಕೊಡುತ್ತದೆಯೇ ಎಂದು ಪರೀಕ್ಷಿಸುವುದು, ಗೊರಸು ತಟ್ಟುವುದು, ಸುಳಿ ನೋಡುವುದು ಎಲ್ಲವೂ ಆದ ಮೇಲೆ ದಲ್ಲಾಳಿಯ ಸರದಿ. ಟವೆಲಿನ ಮರೆಯಲ್ಲಿ ಬೆರಳು ಮುಟ್ಟಿ ಬೆಲೆ ಕುದುರಿಸುವ ಅವನ ಗುಟ್ಟಿನ ಭಾಷೆ ನಮ್ಮ ದನದ ಸಂತೆಗಳಲ್ಲಿ ಪೂರ್ತಿ ಮರೆಯಾಗಿಲ್ಲ. ಬೆಲೆ ಗುಟ್ಟು, ಸರಕು ಬಯಲು. ಇದು ಸಂತೆಯ ನ್ಯಾಯವಾಗಿತ್ತು. ಹಳೇ ಗಾಡಿಯ ಬಜಾರಿನಲ್ಲಿ ಇದು ತಲೆಕೆಳಗಾಗಿದೆ. ಬೆಲೆ ಬಯಲು, ಸರಕು ಗುಟ್ಟು.

ಕೊಂಡ ಮೇಲೆ ಐಬು ಕಂಡರೆ ಏನು ಗತಿ ಎಂದು ಹಳೆಯ ಕಾಲದವರೂ ಚಿಂತಿಸಿದ್ದರು. ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಕೊಂಡದ್ದನ್ನು ಹಿಂತಿರುಗಿಸುವ ಅವಧಿಯನ್ನೇ ನಿಗದಿ ಮಾಡಲಾಗಿದೆ. ವರ್ತಕರಿಗೆ ಒಂದು ರಾತ್ರಿ, ಬೇಸಾಯಗಾರರಿಗೆ ಮೂರು ರಾತ್ರಿ, ದನಗಾಹಿಗಳಿಗೆ ಐದು ರಾತ್ರಿ. ಸರಕು ಪರೀಕ್ಷಿಸಲು ಯಾರಿಗೆ ಹೆಚ್ಚು ಸಮಯ ಬೇಕು ಎಂಬ ವಿವೇಕ ಇದರಲ್ಲಿರುವಂತೆ ತೋರುತ್ತದೆ. ಮನುಸ್ಮೃತಿ ಹತ್ತು ದಿನಗಳ ಗಡುವು ಕೊಡುತ್ತದೆ. ಪ್ರಾಚೀನ ರೋಮಿನಲ್ಲಿ ಮಾರುಕಟ್ಟೆಯ ಮೇಲ್ವಿಚಾರಣೆಯ ಅಧಿಕಾರಿಗಳು ಹೊರಡಿಸಿದ್ದ ಶಾಸನದ ಪ್ರಕಾರ ಗುಲಾಮರನ್ನೂ ಜಾನುವಾರುಗಳನ್ನೂ ಮಾರುವವನು ಅವುಗಳ ರೋಗ, ದೋಷಗಳನ್ನು ಬಹಿರಂಗವಾಗಿ ಸಾರಬೇಕಿತ್ತು. ಸಾರದಿದ್ದರೆ ಕೊಂಡವನು ಆರು ತಿಂಗಳೊಳಗೆ ವ್ಯಾಪಾರ ಮುರಿಯಬಹುದಿತ್ತು, ಅಥವಾ ವರ್ಷದೊಳಗೆ ಬೆಲೆ ಇಳಿಸಿಕೊಳ್ಳಬಹುದಿತ್ತು. ಮನುಷ್ಯನನ್ನೇ ಸರಕಾಗಿ ಕಂಡ ಸಮಾಜವದು. ಆದರೂ ಐಬು ಮುಚ್ಚಿಡುವುದು ತಪ್ಪು ಎಂಬ ಅರಿವು ಅದಕ್ಕಿತ್ತು.

ಇಸ್ಲಾಮೀ ಪರಂಪರೆಯಲ್ಲಿ ಈ ವಿಷಯ ಒಂದು ಧಾನ್ಯದ ರಾಶಿಯಿಂದ ಆರಂಭವಾಗುತ್ತದೆ. ಪ್ರವಾದಿ ಮುಹಮ್ಮದ್ (ಸ) ಧಾನ್ಯ ಮಾರುವವನೊಬ್ಬನ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಾಗಿತು. ಕೇಳಿದರೆ, ಮಳೆಗೆ ನೆನೆದದ್ದು ಎಂದ. ಹಾಗಿದ್ದರೆ ಜನ ನೋಡುವಂತೆ ನೆನೆದದ್ದನ್ನು ಮೇಲೆಯೇ ಇಡಬಾರದಿತ್ತೇ ಎಂದು ಕೇಳಿ, ವಂಚಿಸುವವನು ನಮ್ಮವನಲ್ಲ ಎಂದು ಪ್ರವಾದಿಯವರು ಎಚ್ಚರಿಸಿದ ಪ್ರಸಂಗ ಹದೀಸ್ ಗ್ರಂಥಗಳಲ್ಲಿದೆ. ಇಲ್ಲಿ ಗಮನಿಸಬೇಕಾದದ್ದು, ಧಾನ್ಯ ನೆನೆದದ್ದು ವ್ಯಾಪಾರಿಯ ತಪ್ಪಲ್ಲ, ಅದನ್ನು ಅಡಿಗೆ ಹಾಕಿದ್ದು ತಪ್ಪು. ಇಂಥ ಬುನಾದಿಯ ಮೇಲೆ ಫಿಕ್ಹ್ ವಿದ್ವಾಂಸರು 'ಖಿಯಾರುಲ್ ಐಬ್' ಎಂಬ ತತ್ವವನ್ನು ಬೆಳೆಸಿದರು. ಮುಚ್ಚಿಟ್ಟ ದೋಷ ಆಮೇಲೆ ಗೊತ್ತಾದರೆ ಸರಕನ್ನು ಹಿಂತಿರುಗಿಸುವ ಹಕ್ಕು ಕೊಂಡವನಿಗಿದೆ ಎಂಬುದು ಅದರ ಸಾರ. 1869ರಿಂದ 1876ರವರೆಗೆ ಕ್ರೋಡೀಕರಿಸಲಾದ ಉಸ್ಮಾನಿಯಾ ಸಾಮ್ರಾಜ್ಯದ 'ಮಜಲ್ಲಾ' ಸಂಹಿತೆಯಲ್ಲಿ ಇದಕ್ಕೆ ಸ್ಪಷ್ಟ ಕಲಮುಗಳಿವೆ. ಹಾಗೆಂದು ವಿದ್ವಾಂಸರು ವ್ಯವಹಾರ ತಿಳಿಯದವರಾಗಿರಲಿಲ್ಲ. ಯಾವ ಐಬಿಗೂ ತಾನು ಹೊಣೆಯಲ್ಲ ಎಂದು ಮೊದಲೇ ಹೇಳಿ ಮಾರುವುದನ್ನು ಹನಫಿ ಪಂಥ ಒಪ್ಪಿಕೊಂಡಿದೆ. 'ನೋಡಿ ತಗೊಳ್ಳಿ, ಆಮೇಲೆ ನನ್ನ ಕೇಳಬೇಡಿ' ಎಂಬ ಇಂದಿನ ದಲ್ಲಾಳಿಯ ಮಾತಿಗೂ ಒಂದು ಹಳೆಯ ದಾರಿಯಿದೆ ಎಂದಾಯಿತು. ಆದರೆ ಹಾಗೆ ಮೊದಲೇ ಹೇಳಿ ಮಾರುವುದಕ್ಕೂ, 'ಒಂದು ರೂಪಾಯಿ ಕೆಲಸ ಇಲ್ಲ, ಕೀ ಹಾಕಿ ಹೊರಡಿ' ಎಂದು ಆಣೆ ಹಾಕಿ ಮಾರುವುದಕ್ಕೂ ಅಜಗಜಾಂತರವಿದೆ.

1872ರ ಕುದುರೆ

ಈಗ ನಾವು ಬದುಕುತ್ತಿರುವುದು ಬೇರೆ ಕಾನೂನಿನಡಿ. ಬ್ರಿಟಿಷರು 1872ರಲ್ಲಿ ತಂದ ಭಾರತೀಯ ಕರಾರು ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಅದರ 17ನೆಯ ಕಲಮು ವಂಚನೆ ಎಂದರೇನು ಎಂದು ವಿವರಿಸುತ್ತದೆ. ಬರೀ ಮೌನ ವಂಚನೆಯಲ್ಲ ಎನ್ನುತ್ತದೆ. ಉದಾಹರಣೆಗೆ ಅದು ಕೊಡುವುದು ಕುದುರೆಯನ್ನು. ಒಬ್ಬನು ತನ್ನ ಕುದುರೆಗೆ ದೋಷವಿದೆ ಎಂದು ಗೊತ್ತಿದ್ದೂ ಹರಾಜಿನಲ್ಲಿ ಇನ್ನೊಬ್ಬನಿಗೆ ಮಾರುತ್ತಾನೆ, ಏನೂ ಹೇಳುವುದಿಲ್ಲ. ಇದು ವಂಚನೆಯಲ್ಲ! ಕೊಳ್ಳುವವಳು ಆಗಷ್ಟೇ ವಯಸ್ಸಿಗೆ ಬಂದ ಸ್ವಂತ ಮಗಳಾಗಿದ್ದರೆ ಮಾತ್ರ, ಆ ಸಂಬಂಧದ ಕಾರಣದಿಂದ ಹೇಳುವ ಹೊಣೆ ಬರುತ್ತದೆ. ಅಂದರೆ ಬಜಾರಿನಲ್ಲಿ ಯಾರೂ ಯಾರಿಗೂ ಮಗಳಲ್ಲ, ಮಗನಲ್ಲ. 1930ರ ಸರಕು ಮಾರಾಟ ಕಾಯ್ದೆಯ 16ನೆಯ ಕಲಮೂ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಗುಣಮಟ್ಟದ ಖಾತರಿ ತಾನಾಗಿ ಇರುವುದಿಲ್ಲ ಎಂದೇ ಹೇಳುತ್ತದೆ. ಎಚ್ಚರದಿಂದಿರಬೇಕಾದವನು ಕೊಳ್ಳುವವನು.

ಆದರೆ ಅದೇ 17ನೆಯ ಕಲಮಿನಲ್ಲಿ ಇನ್ನೊಂದು ಉದಾಹರಣೆಯಿದೆ. ಅದನ್ನು ಪ್ರತಿಯೊಬ್ಬ ಹಳೇ ಗಾಡಿ ಕೊಳ್ಳುವವನೂ ನೆನಪಿಟ್ಟುಕೊಳ್ಳಬೇಕು. ಕೊಳ್ಳುವವನು, 'ನೀವು ಇಲ್ಲ ಎನ್ನದಿದ್ದರೆ ಕುದುರೆ ಸರಿಯಾಗಿದೆ ಎಂದೇ ನಾನು ತಿಳಿಯುತ್ತೇನೆ' ಎಂಬರ್ಥದಲ್ಲಿ ಹೇಳಿದಾಗಲೂ ಮಾರುವವನು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ. ಅಂದರೆ ಪ್ರಶ್ನೆ ಕೇಳಿದ ಕ್ಷಣದಿಂದ ಮೌನದ ಅರ್ಥ ಬದಲಾಗುತ್ತದೆ. ಇಂಜಿನ್ ಬಿಚ್ಚಿದ್ದಾರೆಯೇ? ಗಾಡಿ ಮಗುಚಿತ್ತೇ? ಮೀಟರ್ ಬದಲಾಗಿದೆಯೇ? ಸಾಕ್ಷಿಯ ಎದುರು ಕೇಳಬೇಕು, ಸಾಧ್ಯವಾದರೆ ಬರೆಸಿಕೊಳ್ಳಬೇಕು. ಇದನ್ನು ಅಪನಂಬಿಕೆ ಎಂದು ಯಾರೂ ಬೇಸರಪಟ್ಟುಕೊಳ್ಳಬೇಕಾಗಿಲ್ಲ. ವ್ಯವಹಾರದ ಮಾತನ್ನು ಬರೆದಿಟ್ಟುಕೊಳ್ಳಬೇಕು ಎಂಬುದು ಎಲ್ಲ ಧರ್ಮದ ಹಿರಿಯರೂ ಹೇಳಿದ ಮಾತೇ.

ಟೆಂಪೋ, ಮೆಟಾಡೋರ್, ಛೋಟಾ ಹಾಥಿ

ಕುದುರೆಯಿಂದ ಪಿಕಪ್ಪಿಗೆ ಬರೋಣ. ಕಾರ್ಖಾನೆಯಲ್ಲೇ ಹಿಂದುಗಡೆ ಸಾಮಾನಿನ ತೊಟ್ಟಿ ಜೋಡಿಸಿದ ಪಿಕಪ್ಪನ್ನು ಫೋರ್ಡ್ ಕಂಪನಿ ತನ್ನ 'ಮಾಡೆಲ್ ಟಿ' ಕಾರಿನ ಮೇಲೆ 1925ರಲ್ಲಿ ಹೊರತಂದಿತು. ಬೆಲೆ 281 ಡಾಲರ್. ಮೊದಲ ವರ್ಷವೇ ಸುಮಾರು 34 ಸಾವಿರ ಗಾಡಿಗಳು ತಯಾರಾದವು. ಅದಕ್ಕೂ ಮುಂಚೆ ಅಮೆರಿಕದ ರೈತರು ಹಳೇ ಕಾರಿನ ಹಿಂಭಾಗ ಕತ್ತರಿಸಿ, ಹಲಗೆ ಬಡಿದು ಪಿಕಪ್ ಮಾಡಿಕೊಳ್ಳುತ್ತಿದ್ದರು. ಹೀಗೆ ಪಿಕಪ್ ಎಂಬುದು ಹುಟ್ಟಿನಿಂದಲೇ ಹಳೇ ಗಾಡಿಯ ಮರುಜನ್ಮ.

ನಮ್ಮಲ್ಲಿ ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯಲ್ಲಿ ಜೋಡಣೆಯ ಕೆಲಸ ಆರಂಭಿಸಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯ ಬಿಟ್ಟುಹೋದ ಜೀಪು, ಲಾರಿಗಳು 'ಡಿಸ್ಪೋಸಲ್' ಹೆಸರಿನಲ್ಲಿ ಹರಾಜಾದವು. ಯುದ್ಧದಲ್ಲಿ ನುಜ್ಜಾಗಿ ಬಂದ ಈ ಗಾಡಿಗಳನ್ನು ಓಡುವ ಸ್ಥಿತಿಗೆ ತಂದ ಮೇಸ್ತ್ರಿಗಳೇ ಮುಂದಿನ ತಲೆಮಾರಿನ ಗ್ಯಾರೇಜುಗಳಿಗೆ ಉಸ್ತಾದರಾದರು.

ಅದೇ ಹೊತ್ತಿಗೆ, 1945ರಲ್ಲಿ, ಲುಧಿಯಾನದಲ್ಲಿ 'ಮಹೀಂದ್ರ ಅಂಡ್ ಮುಹಮ್ಮದ್' ಎಂಬ ಕಂಪನಿ ಹುಟ್ಟಿತು. ಮಹೀಂದ್ರ ಸಹೋದರರ ಜೊತೆ ಅದರಲ್ಲಿದ್ದವರು ಮಲಿಕ್ ಗುಲಾಮ್ ಮುಹಮ್ಮದ್. ದೇಶ ವಿಭಜನೆಯಾಯಿತು. ಗುಲಾಮ್ ಮುಹಮ್ಮದ್ ಪಾಕಿಸ್ತಾನದ ಮೊದಲ ಹಣಕಾಸು ಸಚಿವರಾಗಿ, 1951ರಲ್ಲಿ ಅಲ್ಲಿನ ಗವರ್ನರ್ ಜನರಲ್ ಆದರು. ಕಂಪನಿ 1948ರಲ್ಲಿ 'ಮಹೀಂದ್ರ ಅಂಡ್ ಮಹೀಂದ್ರ' ಆಯಿತು. ಇಂದು ನಮ್ಮ ಹಳ್ಳಿಗಳ ದಾರಿಯಲ್ಲಿ ಹುಲ್ಲು, ಹಾಲು, ಇಟ್ಟಿಗೆ ಹೊತ್ತು ಓಡುವ ಬೊಲೆರೋ ಪಿಕಪ್ಪಿನ ವಂಶವೃಕ್ಷದಲ್ಲಿ ಇಂಥದೊಂದು ಕೊಂಬೆ ಇತ್ತೆಂಬುದು ಅದನ್ನು ಓಡಿಸುವ ಅನೇಕರಿಗೆ ತಿಳಿದಿರಲಾರದು.

ಆದರೆ ಕನ್ನಡಕ್ಕೆ ಒಂದು ಪದವನ್ನೇ ಕೊಟ್ಟ ಕೀರ್ತಿ ಬೇರೆ ಕಂಪನಿಯದು. 1958ರಲ್ಲಿ ಜರ್ಮನಿಯ ಟೆಂಪೋ ಕಂಪನಿಯ ಸಹಯೋಗದಲ್ಲಿ ಶುರುವಾದ ಬಜಾಜ್ ಟೆಂಪೋ ಮೊದಲು ಮೂರು ಚಕ್ರದ ಗಾಡಿ ತಂದಿತು, 1969ರಲ್ಲಿ ಮೆಟಾಡೋರ್ ತಂದಿತು. ಆ ಕಂಪನಿಯ ಹೆಸರು 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂದು ಬದಲಾದರೂ ನಮ್ಮ ಬಾಯಲ್ಲಿ ಲಾರಿಗಿಂತ ಚಿಕ್ಕದಾದುದೆಲ್ಲ ಟೆಂಪೋ ಆಗಿಯೇ ಉಳಿಯಿತು.

1980ರ ದಶಕದಲ್ಲಿ ಸರಕಾರ ಬಾಗಿಲು ಸ್ವಲ್ಪ ತೆರೆದಾಗ ಜಪಾನಿನ ನಾಲ್ಕು ಕಂಪನಿಗಳು ಇಲ್ಲಿನ ಸಂಸ್ಥೆಗಳ ಕೈ ಹಿಡಿದು ಬಂದವು. ಡಿಸಿಎಂ ಟೊಯೋಟಾ, ಆಲ್ವಿನ್ ನಿಸ್ಸಾನ್, ಸ್ವರಾಜ್ ಮಜ್ದಾ ಮತ್ತು ಐಷರ್ ಮಿತ್ಸುಬಿಷಿ. 1985ರ ನಂತರ ಜಪಾನಿನ ಯೆನ್ ಬೆಲೆ ಏರಿ ಅವುಗಳ ಬಿಡಿಭಾಗಗಳು ದುಬಾರಿಯಾದವು. 1986ರಲ್ಲಿ ಟಾಟಾ 407 ಬಂದು ಆಟವನ್ನೇ ಬದಲಿಸಿತು. ನಾಲ್ಕರಲ್ಲಿ ಎರಡು ಹೆಸರುಗಳು ಅಳಿಸಿಹೋದವು. ಕಂಪನಿ ಹೋದರೂ ಗಾಡಿಗಳು ಹೋಗಲಿಲ್ಲ. ಆ ಅನಾಥ ಗಾಡಿಗಳನ್ನು ಇನ್ನಷ್ಟು ವರ್ಷ ಓಡಿಸಿದ್ದು ಬೆಂಗಳೂರಿನ ಶಿವಾಜಿನಗರದ ಗುಜರಿ, ಚೆನ್ನೈನ ಪುದುಪೇಟೆ, ದೆಹಲಿಯ ಮಾಯಾಪುರಿಯಂಥ ಬಜಾರುಗಳು. ಒಂದು ಗಾಡಿಯ ಕಿಡ್ನಿ ಇನ್ನೊಂದಕ್ಕೆ ಕಸಿ ಮಾಡುವ ವೈದ್ಯರು ಅಲ್ಲಿದ್ದರು.

2005ರ ಮೇ ತಿಂಗಳಲ್ಲಿ ಟಾಟಾ ಏಸ್ ಬಂತು. ಎರಡು ಸಿಲಿಂಡರಿನ, ಸುಮಾರು 700 ಸಿ.ಸಿ.ಯ ಪುಟ್ಟ ಡೀಸೆಲ್ ಇಂಜಿನ್, ಬೆಲೆ ಎರಡೂಕಾಲು ಲಕ್ಷದ ಆಸುಪಾಸು. ಹಿಂದಿಯವರು ಅದನ್ನು ಛೋಟಾ ಹಾಥಿ ಎಂದರು. ಇದರ ಯಶಸ್ಸಿಗೆ ಕಾನೂನಿನ ಒಂದು ಸಣ್ಣ ಕಿಂಡಿಯೂ ಕಾರಣ. 1988ರ ಮೋಟಾರು ವಾಹನ ಕಾಯ್ದೆಯ 66ನೆಯ ಕಲಮಿನ ಪ್ರಕಾರ ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಾಗಿಲ್ಲ. ಪರ್ಮಿಟ್ಟಿಗಾಗಿ ಯಾರ ಬಾಗಿಲಲ್ಲೂ ನಿಲ್ಲದೆ ಗಾಡಿ ಒಡೆಯನಾಗುವ ದಾರಿ ಡ್ರೈವರನಿಗೆ ತೆರೆಯಿತು. ಹೊಸದು ಕೊಂಡವನು ಐದಾರು ವರ್ಷ ದುಡಿಸಿ ದೊಡ್ಡ ಗಾಡಿಗೆ ಹೋದ. ಅವನ ಹಳೇ ಗಾಡಿಯಿಂದ ಅವನ ಕ್ಲೀನರ್ ಹುಡುಗ ಮಾಲೀಕನಾದ. ಸಾವಿರಾರು ಮನೆಗಳಲ್ಲಿ ಬಡತನದ ಒಂದು ಮೆಟ್ಟಿಲು ಹತ್ತಿದ್ದು ಹೀಗೆ, ಓಡಿ ಸವೆದ ಚಕ್ರಗಳ ಮೇಲೆ.

ಮೀಟರ್ ಹೇಳುವ ಸುಳ್ಳು

ಎತ್ತಿನ ಹಲ್ಲಿನ ಜಾಗಕ್ಕೆ ಈಗ ಬಂದಿರುವುದು ಮೀಟರ್. ಆದರೆ ಹಲ್ಲಿನ ಪ್ರಾಮಾಣಿಕತೆ ಅದಕ್ಕಿಲ್ಲ. ಹಳೆಯ ಗಾಡಿಗಳ ಮೀಟರಿನಲ್ಲಿ ಕಿಲೋಮೀಟರಿಗೆ ಐದೇ ಅಂಕೆಗಳ ಜಾಗ ಇರುತ್ತಿತ್ತು. 99,999 ದಾಟಿದ ಕೂಡಲೇ ಅದು ಮತ್ತೆ ಸೊನ್ನೆಗೆ ಬಂದು ನಿಲ್ಲುತ್ತಿತ್ತು. ಮೂರು ಲಕ್ಷ ಓಡಿದ ಮುದಿಗಾಡಿಯೂ ಮೀಟರಿನಲ್ಲಿ ಹಸುಗೂಸು! ಕೇಬಲ್ ಕಳಚಿಟ್ಟು ಓಡಿಸುವುದು, ಮೀಟರ್ ಬಿಚ್ಚಿ ಅಂಕೆಯ ಗಾಲಿಗಳನ್ನು ಹಿಂದಕ್ಕೆ ತಿರುಗಿಸುವುದು ಹಳೆಯ ಕೈಚಳಕಗಳು. ಡಿಜಿಟಲ್ ಮೀಟರ್ ಬಂದ ಮೇಲೆ ಅದೇ ಕೆಲಸವನ್ನು ಸ್ಕ್ರೂಡ್ರೈವರ್ ಬದಲು ಕಂಪ್ಯೂಟರ್ ಮಾಡುತ್ತದೆ. ಅಮೆರಿಕದಲ್ಲಿ ಈ ಪಿಡುಗು ಎಷ್ಟಿತ್ತೆಂದರೆ 1972ರಲ್ಲಿ ಮೀಟರ್ ತಿರುಗಿಸುವುದನ್ನು ಇಡೀ ದೇಶಕ್ಕೆ ಅನ್ವಯಿಸುವ ಕಾನೂನಿನ ಮೂಲಕವೇ ನಿಷೇಧಿಸಬೇಕಾಯಿತು.

ಹಾಗಾದರೆ ಕೊಳ್ಳುವವನು ಏನು ಮಾಡಬೇಕು? ಮೊದಲನೆಯದು ಲೆಕ್ಕ. ಪೇಟೆಯಲ್ಲಿ ದಿನಕ್ಕೆ 60 ಕಿಲೋಮೀಟರ್, ವರ್ಷಕ್ಕೆ 300 ದಿನ ಓಡುವ ಗಾಡಿ ವರ್ಷಕ್ಕೆ 18,000 ಕಿಲೋಮೀಟರ್ ಓಡುತ್ತದೆ. ಎಂಟು ವರ್ಷಕ್ಕೆ 1,44,000. ಎಂಟು ವರ್ಷದ ಸರಕು ಗಾಡಿಯ ಮೀಟರಿನಲ್ಲಿ 62,000 ಇದ್ದರೆ ಅದು ದಿನಕ್ಕೆ 26 ಕಿಲೋಮೀಟರಷ್ಟೇ ಓಡಿದೆ ಎಂದಾಯಿತು. ಅಷ್ಟು ಕಡಿಮೆ ದುಡಿದ ಗಾಡಿಯಿಂದ ಮಾಲೀಕ ಕಂತು ಕಟ್ಟಿದ್ದು ಹೇಗೆ? ಎರಡನೆಯದು, ಗಾಡಿಯ ನಿಜವಾದ ಹಲ್ಲು ನೋಡುವುದು. ಕ್ಲಚ್ ಮತ್ತು ಬ್ರೇಕ್ ಪೆಡಲಿನ ರಬ್ಬರು ನುಣ್ಣಗಾಗಿದೆಯೇ, ಸ್ಟಿಯರಿಂಗ್ ಅಂಗೈಯ ಜಾಗದಲ್ಲಿ ಹೊಳೆಯುತ್ತಿದೆಯೇ, ಡ್ರೈವರ್ ಕಡೆಯ ಬಾಗಿಲು ಜೋತು ಬಿದ್ದಿದೆಯೇ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆಗಳಿರುತ್ತವೆ. 2317 ಎಂದಿದ್ದರೆ 2017ರ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ.

ಇಂಜಿನನ್ನು ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ನೋಡಬೇಕು. ನೀವು ಹೋಗುವಷ್ಟರಲ್ಲಿ ಬಾನೆಟ್ ಬಿಸಿಯಾಗಿದ್ದರೆ ಯಾರೋ ಮೊದಲೇ ಎಬ್ಬಿಸಿ ಇಟ್ಟಿದ್ದಾರೆ ಎಂದು ತಿಳಿಯಬೇಕು. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಇಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆರೆದರೆ ಭುಸುಗುಟ್ಟಿ ಹೊಗೆ ಬಂದರೆ, ಮೇಸ್ತ್ರಿಗಳು ಹೇಳುವ 'ಬ್ಯಾಕ್ ಕಂಪ್ರೆಷನ್'. ಇಂಜಿನ್ ಬೋರಿಗೆ ಬಂದಿರುವ ಸಾಧ್ಯತೆಯಿದೆ. ಗಾಡಿಯಡಿ ಮಲಗಿ ಚಾಸಿ ನೋಡಬೇಕು. ಹಿಂದಿನ ಆಕ್ಸೆಲ್ ಮೇಲೆ ವೆಲ್ಡಿಂಗ್ ಗುರುತಿದ್ದರೆ ಮಿತಿಮೀರಿ ಹೇರಿ ಮುರಿದದ್ದು. ಮೀನಿನ ಗಾಡಿಯಾದರೆ ಉಪ್ಪುನೀರು ಸೋರಿ ತಳವನ್ನು ತಿಂದಿರುತ್ತದೆ. ಮೇಲೆ ಹೊಸ ಪೇಂಟ್ ಹೊಳೆದಷ್ಟೂ ಕೆಳಗೆ ಬಗ್ಗಿ ನೋಡುವುದು ಒಳ್ಳೆಯದು.

ಇನ್ನೊಂದು ಮಾತು. ಹೆಚ್ಚು ಓಡಿದ್ದೇ ಐಬಲ್ಲ. ಆಯಿಲ್ ಸಕಾಲಕ್ಕೆ ಬದಲಾಯಿಸಿ, ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿದ ಎರಡೂವರೆ ಲಕ್ಷದ ಡೀಸೆಲ್ ಗಾಡಿ, ಪೇಟೆಯ ಗಲ್ಲಿಗಳಲ್ಲಿ ಕ್ಲಚ್ ತುಳಿದು ತುಳಿದು ಬಳಲಿದ ಒಂದು ಲಕ್ಷದ ಗಾಡಿಗಿಂತ ಗಟ್ಟಿಯಾಗಿರಬಹುದು. ಜನರಿಗೆ ಈ ವಿವೇಕವಿದ್ದಿದ್ದರೆ ಮೀಟರ್ ತಿರುಗಿಸುವವನಿಗೆ ಕೆಲಸವೇ ಇರುತ್ತಿರಲಿಲ್ಲ. ನಾವು ಅಂಕೆಗೆ ಬೆಲೆ ಕಟ್ಟುತ್ತೇವೆ, ಅವನು ನಮಗೆ ಬೇಕಾದ ಅಂಕೆ ಕೊಡುತ್ತಾನೆ.

ಅಕ್ಕಿಯೊಳಗಿನ ಕಲ್ಲು

ಈ ಬಜಾರಿನ ಗುಟ್ಟನ್ನು ಅರ್ಥಶಾಸ್ತ್ರದ ಸಿದ್ಧಾಂತವಾಗಿಸಿದವರು ಅಮೆರಿಕದ ಜಾರ್ಜ್ ಅಕರ್ಲಾಫ್. 1970ರಲ್ಲಿ ಪ್ರಕಟವಾದ ಅವರ ಪ್ರಬಂಧದ ವಸ್ತು ಹಳೇ ಕಾರುಗಳ ಮಾರುಕಟ್ಟೆ. ಮೂರು ಪತ್ರಿಕೆಗಳು ಅದನ್ನು ತಿರಸ್ಕರಿಸಿದ್ದವು. ಮುಂದೆ 2001ರಲ್ಲಿ ಅವರಿಗೆ ಇನ್ನಿಬ್ಬರೊಡನೆ ನೊಬೆಲ್ ಪ್ರಶಸ್ತಿ ಬಂದಾಗ ಮುಖ್ಯ ಕಾರಣ ಅದೇ ಪ್ರಬಂಧ. ವಾದ ಸರಳವಾಗಿದೆ. ಒಳ್ಳೆಯ ಗಾಡಿ ಯಾವುದು, ಕೆಟ್ಟದ್ದು ಯಾವುದು ಎಂದು ಕೊಳ್ಳುವವನಿಗೆ ತಿಳಿಯದು. ಆದ್ದರಿಂದ ಅವನು ಎಲ್ಲದಕ್ಕೂ ನಡುವಿನ ಬೆಲೆ ಹೇಳುತ್ತಾನೆ. ಒಳ್ಳೆಯ ಗಾಡಿ ಇಟ್ಟುಕೊಂಡವನಿಗೆ ಆ ಬೆಲೆ ಗಿಟ್ಟುವುದಿಲ್ಲ, ಅವನು ಮಾರುವುದೇ ಇಲ್ಲ. ಬಜಾರಿನಲ್ಲಿ ಉಳಿಯುವುದು ಕೆಟ್ಟವೇ. ಬೆಲೆ ಇನ್ನೂ ಇಳಿಯುತ್ತದೆ, ಗುಣ ಇನ್ನೂ ಕೆಡುತ್ತದೆ. ಅಂದರೆ ಒಬ್ಬನ ಮೋಸದ ದಂಡವನ್ನು ಮೋಸಹೋದವನೊಬ್ಬನೇ ತೆರುವುದಿಲ್ಲ, ಪ್ರಾಮಾಣಿಕನಾದ ಮಾರಾಟಗಾರನೂ ತೆರುತ್ತಾನೆ.

ಅಕರ್ಲಾಫ್ 1967-68ರಲ್ಲಿ ದೆಹಲಿಯ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿದ್ದರು. ಅವರ ಪ್ರಬಂಧದಲ್ಲಿ ನಮ್ಮ ಬಜಾರಿನ ಅಕ್ಕಿಯ ಪ್ರಸ್ತಾಪವೂ ಇದೆ. ಅಕ್ಕಿಯ ಬಣ್ಣದ್ದೇ, ಅಕ್ಕಿಯ ಆಕಾರದ್ದೇ ಕಲ್ಲುಗಳನ್ನು ಬೇಕೆಂದೇ ಬೆರೆಸುತ್ತಿದ್ದುದು, ಅದನ್ನು ಹೆಂಗಸರು ಕೂತು ಆರಿಸುತ್ತಿದ್ದುದು ಅಪ್ರಾಮಾಣಿಕತೆಗೆ ಸಮಾಜ ತೆರುವ ಬೆಲೆಗೆ ಒಂದು ನಿದರ್ಶನವಾಗಿತ್ತು. ಮರಳುಗಾಡಿನ ಆ ಧಾನ್ಯದ ರಾಶಿಯಿಂದ ಈ ಅಕ್ಕಿಯ ಮೊರದವರೆಗೆ ಹದಿಮೂರು ಶತಮಾನಗಳ ಅಂತರವಿದೆ. ಕೈ ಹಾಕಿದವರಿಗೆ ತಾಗಿದ್ದು ಮಾತ್ರ ಅದೇ ಸತ್ಯ.

ಕಲ್ಲು ಆರಿಸಲು ಮೇಸ್ತ್ರಿಯನ್ನು ಕರೆದೊಯ್ಯುತ್ತೇವೆ. ಇಲ್ಲಿ ಒಂದು ಕಹಿ ಸತ್ಯವನ್ನೂ ಹೇಳಬೇಕು. ಕೊಳ್ಳುವವನಿಂದ ಮಜೂರಿ, ದಲ್ಲಾಳಿಯಿಂದ ಕಮಿಷನ್ ಎರಡನ್ನೂ ಪಡೆಯುವ ಮೇಸ್ತ್ರಿಗಳಿದ್ದಾರೆ. ಹಾಗೆಯೇ, 'ಬೇಡ ಭಾಯ್, ಮಕ್ಕಳ ದುಡ್ಡು ಇದರ ಮೇಲೆ ಹಾಕಬೇಡ' ಎಂದು ಒಂದೇ ಮಾತಿನಲ್ಲಿ ಒಂದು ಸಂಸಾರವನ್ನು ಉಳಿಸಿ, ಚಹಾ ಮಾತ್ರ ಕುಡಿದು ಎದ್ದು ಬಂದವರೂ ಇದ್ದಾರೆ. ಈ ಎರಡನೆಯ ಬಗೆಯವರ ಹೆಸರು ಯಾವ ಚರಿತ್ರೆಯಲ್ಲೂ ಇಲ್ಲ. ಆದರೆ ಅವರ ಗ್ಯಾರೇಜಿನ ಮುಂದೆ ಗಾಡಿಗಳ ಸಾಲು ಮುಗಿಯುವುದೇ ಇಲ್ಲ.

ಕಂತು ಮತ್ತು ಕಾಗದ

ಹಳೇ ಗಾಡಿಗೆ ಸಾಲ ಕೊಡಲು ಬ್ಯಾಂಕುಗಳು ಬಹುಕಾಲ ಹಿಂಜರಿದವು. ಆಸ್ತಿಯಿಲ್ಲದ ಡ್ರೈವರ್, ವಯಸ್ಸಾದ ಗಾಡಿ, ಯಾವ ಮ್ಯಾನೇಜರ್ ಸಹಿ ಹಾಕುತ್ತಾನೆ? ಆ ಜಾಗದಲ್ಲಿ ಊರಿನ ಬಡ್ಡಿ ಫೈನಾನ್ಸಿನವರು ಬೆಳೆದರು. 1979ರಲ್ಲಿ ಚೆನ್ನೈನಲ್ಲಿ ಆರ್. ತ್ಯಾಗರಾಜನ್ ಮತ್ತು ಸಂಗಡಿಗರು ಆರಂಭಿಸಿದ ಶ್ರೀರಾಮ್ ಟ್ರಾನ್ಸ್‌ಪೋರ್ಟ್ ಫೈನಾನ್ಸ್, ಹಳೇ ಲಾರಿಗೆ ಸಾಲ ಕೊಡುವುದನ್ನೇ ಮುಖ್ಯ ವ್ಯವಹಾರವಾಗಿಸಿ, ಡ್ರೈವರನೂ ಸಾಲ ತೀರಿಸಬಲ್ಲ ಮನುಷ್ಯ ಎಂದು ತೋರಿಸಿತು. ಆದರೆ ಎಲ್ಲ ಕಡೆ ಕಥೆ ಇಷ್ಟು ಸುಖಾಂತವಲ್ಲ. ಎರಡು ಕಂತು ತಪ್ಪಿದರೆ ನಡುದಾರಿಯಲ್ಲಿ ಗಾಡಿ ನಿಲ್ಲಿಸಿ, ಸರಕನ್ನು ರಸ್ತೆಗಿಳಿಸಿ 'ಸೀಜ್' ಮಾಡುವುದು ಎಷ್ಟೋ ಜನ ಕಂಡ ದೃಶ್ಯ. ಸಾಲ ವಸೂಲಿಗೆ ರೌಡಿಗಳನ್ನು ಬಳಸುವಂತಿಲ್ಲ, ಕಾನೂನಿನ ದಾರಿಯಲ್ಲೇ ಹೋಗಬೇಕು ಎಂದು ಸುಪ್ರೀಂ ಕೋರ್ಟು 2007ರ ಫೆಬ್ರವರಿಯಲ್ಲಿ ಹೇಳಿತು. ಆ ಮೊಕದ್ದಮೆಯೂ ಒಂದು ಲಾರಿಯದ್ದೇ.

2006ರ ಸಾಚಾರ್ ಸಮಿತಿಯ ವರದಿ, ಮುಸ್ಲಿಂ ದುಡಿಮೆಗಾರರಲ್ಲಿ ಸ್ವಯಂ ಉದ್ಯೋಗಿಗಳ ಪಾಲು ಹೆಚ್ಚು, ಅವರು ಚಿಲ್ಲರೆ ವ್ಯಾಪಾರ, ರಸ್ತೆ ಸಾರಿಗೆ, ಮೋಟಾರು ದುರಸ್ತಿಯಂಥ ಕಸುಬುಗಳಲ್ಲಿ ಹೆಚ್ಚಾಗಿದ್ದಾರೆ, ಆದರೆ ಬ್ಯಾಂಕ್ ಸಾಲದಲ್ಲಿ ಅವರ ಪಾಲು ಕಡಿಮೆ ಎಂದು ದಾಖಲಿಸಿದೆ. ಬಡ್ಡಿಯ ವಿಷಯದಲ್ಲಿ ಧರ್ಮದ ಅಳುಕು ಬೇರೆ. ಹೀಗಾಗಿ ಬಂಧುಗಳಿಬ್ಬರು ಸೇರಿ ಒಬ್ಬನ ಹಣ, ಇನ್ನೊಬ್ಬನ ದುಡಿಮೆ, ಲಾಭದಲ್ಲಿ ಪಾಲು ಎಂಬ ಹಳೆಯ ಮುದಾರಬ ಪದ್ಧತಿ ಗಾಡಿಯ ವ್ಯವಹಾರದಲ್ಲಿ ಹೆಸರಿಲ್ಲದೆಯೇ ನಡೆದುಬಂದಿದೆ. ಅದರಲ್ಲೂ ಲೆಕ್ಕ ಬರೆಯದಿದ್ದರೆ ಗಾಡಿಯ ಜೊತೆ ಸಂಬಂಧವೂ ಗುಜರಿಗೆ ಹೋಗುತ್ತದೆ.

ಇನ್ನು ಕಾಗದ. ಮಾರುವವನಿಂದ 29 ಮತ್ತು 30ನೆಯ ನಮೂನೆಗಳಿಗೆ ಸಹಿ ಹಾಕಿಸಿ, ಹೆಸರು ಬದಲಾಯಿಸದೆ ಗಾಡಿ ಓಡಿಸುವುದು ನಮ್ಮಲ್ಲಿ ರೂಢಿ. ಮುಂದೆ ಮಾರುವಾಗ ಅದೇ ಸಹಿಯ ಫಾರಂ ಮೂರನೆಯವನ ಕೈಗೆ ಹೋಗುತ್ತದೆ. ಆದರೆ ಕಾನೂನಿನ ಕಣ್ಣಿಗೆ ಒಡೆಯನೆಂದರೆ ಆರ್.ಸಿ.ಯಲ್ಲಿ ಹೆಸರಿರುವವನೇ. 2007ರಲ್ಲಿ ಮಾರಿದ ಗಾಡಿಯೊಂದು ಹಲವು ಕೈ ಬದಲಾಗಿ 2009ರಲ್ಲಿ ಅಪಘಾತ ಮಾಡಿದಾಗ, ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿದ್ದ ಮೊದಲಿನವನದೇ ಎಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತು. ಮಾರಿದವನಿಗೂ ನಿದ್ದೆಗೆಡಿಸುವ ಮಾತಿದು. ಕಾಯ್ದೆಯ 50ನೆಯ ಕಲಮಿನ ಪ್ರಕಾರ ರಾಜ್ಯದೊಳಗೆ ಮಾರಿದವನು 14 ದಿನದಲ್ಲಿ ತಿಳಿಸಬೇಕು, ಕೊಂಡವನು 30 ದಿನದಲ್ಲಿ ಹೆಸರು ಮಾಡಿಸಿಕೊಳ್ಳಬೇಕು. ಹಳೆಯ ಸಾಲ ತೀರಿದ್ದರೆ 35ನೆಯ ನಮೂನೆಯಲ್ಲಿ ಫೈನಾನ್ಸಿನವರ ಒಪ್ಪಿಗೆ ಪಡೆದು ಆರ್.ಸಿ.ಯಿಂದ ಅವರ ಹೆಸರು ತೆಗೆಸಬೇಕು. ಗಾಡಿಯ ಇಂಜಿನ್ ಕೆಟ್ಟರೆ ಮೇಸ್ತ್ರಿ ಇದ್ದಾನೆ, ಕಾಗದ ಕೆಟ್ಟರೆ ವಕೀಲನೇ ಗತಿ.

ಕಾನೂನು ಪೂರ್ತಿ ಕುರುಡೂ ಅಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಗಾಡಿ ಕೊಂಡು ತಾನೇ ಓಡಿಸುವವನು ವ್ಯಾಪಾರಿಯಲ್ಲ, ಗ್ರಾಹಕನೇ ಎಂದು 1993ರ ತಿದ್ದುಪಡಿಯ ನಂತರ ಗ್ರಾಹಕ ಕಾನೂನು ಒಪ್ಪಿದೆ. ಹಳೇ ಗಾಡಿಗಳ ಡೀಲರುಗಳು ಸಾರಿಗೆ ಇಲಾಖೆಯಿಂದ ಅಧಿಕಾರ ಪತ್ರ ಪಡೆಯಬೇಕು, ತಮ್ಮ ವಶದಲ್ಲಿರುವಾಗ ಗಾಡಿ ಓಡಿದ ಲೆಕ್ಕ ಇಡಬೇಕು ಎಂಬ ನಿಯಮಗಳು 2023ರ ಏಪ್ರಿಲ್‌ನಿಂದ ಜಾರಿಗೆ ಬಂದಿವೆ. ಮರದ ನೆರಳಿನಲ್ಲಿ ನಡೆಯುವ ವ್ಯಾಪಾರಕ್ಕೆ ಈ ನಿಯಮ ತಲುಪಲು ಇನ್ನೂ ಕಾಲ ಬೇಕು.

ಕೊನೆಯ ಕೈ

ಮುದಿಗಾಡಿಗಳ ಮೇಲೆ ಸರಕಾರದ ಕಣ್ಣು ಬಿದ್ದದ್ದು ಹೊಗೆಯ ಕಾರಣದಿಂದ. 1998ರಲ್ಲಿ ಸುಪ್ರೀಂ ಕೋರ್ಟು ದೆಹಲಿಯಲ್ಲಿ 15 ವರ್ಷ ಮೀರಿದ ವಾಣಿಜ್ಯ ವಾಹನಗಳನ್ನು ಹಂತಹಂತವಾಗಿ ತೆಗೆಯಲು ಆದೇಶಿಸಿತು. 2021ರಲ್ಲಿ ಕೇಂದ್ರದ ಗುಜರಿ ನೀತಿ ಬಂತು. 2022ರ ಏಪ್ರಿಲ್‌ನಿಂದ 15 ವರ್ಷ ಮೀರಿದ ಗಾಡಿಗಳ ಎಫ್.ಸಿ. ಶುಲ್ಕ ಹಲವು ಪಟ್ಟು ಏರಿತು. ಹೊಗೆ ಕುಡಿಯುವವರಲ್ಲಿ ಮೊದಲಿಗರು ಬಡವರೇ ಆದ್ದರಿಂದ ಈ ಕ್ರಮವನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಹೊಸ ಗಾಡಿಯ ಹೊಗೆಯಿಂದ ಲಾಭ ಮಾಡಿದ್ದು ಮೊದಲ ಕೈ, ಹಳೇ ಗಾಡಿಯ ದಂಡ ತೆರುತ್ತಿರುವುದು ಕೊನೆಯ ಕೈ. ಹನ್ನೆರಡನೆಯ ವರ್ಷದಲ್ಲಿ ಗಾಡಿ ಕೊಂಡವನಿಗೆ ಅದರ ಬಾಕಿ ಆಯುಷ್ಯವೂ ಬೆಲೆಯ ಭಾಗವೇ. ಹೆಚ್ಚಿದ ಶುಲ್ಕದ ಲೆಕ್ಕವನ್ನು ಮುಚ್ಚಿಟ್ಟು ಮಾರುವವನೂ ಇಂದಿನ ಕಾಲದ ಮೀಟರ್ ತಿರುಗಿಸುವವನೇ.

ಎರಡು ಸಾವಿರ ವರ್ಷಗಳ ಕಾನೂನುಗಳನ್ನು ಮಗುಚಿ ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ. ಒಂದು ಪರಂಪರೆ ಮಾರುವವನಿಗೆ 'ಹೇಳು' ಎಂದಿತು, ಇನ್ನೊಂದು ಕೊಳ್ಳುವವನಿಗೆ 'ನೋಡಿಕೋ' ಎಂದಿತು. ಸಮನಾದ ತಿಳಿವಳಿಕೆ, ಸಮನಾದ ಪುರುಸೊತ್ತು ಇರುವ ಇಬ್ಬರ ನಡುವೆ ಎರಡನೆಯದು ನ್ಯಾಯವಾಗಬಹುದು. ಆದರೆ ಅಡವಿಟ್ಟ ಒಡವೆಯ ಹಣ ಜೇಬಿನಲ್ಲಿಟ್ಟುಕೊಂಡು, ನಾಳೆಯಿಂದಲೇ ಬಾಡಿಗೆ ಓಡಬೇಕಾದ ಆತುರದಲ್ಲಿ ನಿಂತ ಡ್ರೈವರ್ ಹುಡುಗನಿಗೂ, ತಿಂಗಳಿಗೆ ಇಪ್ಪತ್ತು ಗಾಡಿ ಕೈಬದಲಿಸುವ ದಲ್ಲಾಳಿಗೂ ಯಾವ ಸಮ? ಅಲ್ಲಿ 'ನೋಡಿಕೋ' ಎಂಬುದು ನ್ಯಾಯದ ವೇಷ ತೊಟ್ಟ ಬಲಾತ್ಕಾರ. ಓಡಿದ ಗಾಡಿಯನ್ನು ಮಾರುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಅದು ದುಡಿದಿದೆ, ಸಾಕಿದೆ, ಇನ್ನೊಬ್ಬರನ್ನೂ ಸಾಕಬಲ್ಲದು. ಎಷ್ಟು ಓಡಿದೆ ಎಂದು ಇದ್ದದ್ದು ಇದ್ದಂತೆ ಹೇಳಿ ಮಾರಿದರೆ ಆ ಗಾಡಿಯ ಜೊತೆ ಬರಕತ್ತೂ ಕೈ ಬದಲಾಗುತ್ತದೆ. ನೆನೆದ ಧಾನ್ಯಕ್ಕೂ ಒಂದು ಬೆಲೆಯಿದೆ, ಅದನ್ನು ರಾಶಿಯ ಮೇಲಿಟ್ಟರೆ ಸಾಕು.